ಪೀಠ ಬಿಟ್ಟು ಸೆನೆಟ್ ಸೇರಿದ ನ್ಯಾಯಮೂರ್ತಿ

ಪ್ರಶ್ನೆ: ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹುದ್ದೆ ಬಿಟ್ಟು ರಾಜಕೀಯಕ್ಕೆ ಇಳಿದವರು ಇದ್ದಾರೆಯೇ?

ಉತ್ತರ: ಇದ್ದಾರೆ. ಅವರಲ್ಲಿ ಡೇವಿಡ್ ಡೇವಿಸ್ (1815–1886) ಕಥೆ ಬಲು ಸ್ವಾರಸ್ಯ. ಇಲಿನಾಯ್ ರಾಜ್ಯದಲ್ಲಿ ನ್ಯಾಯಾಧೀಶರಾಗಿದ್ದಾಗ ಅವರು ಊರೂರು ಸುತ್ತಿ ಕೋರ್ಟ್ ನಡೆಸುತ್ತಿದ್ದರು. ಬೆನ್ನಿಗೆ ವಕೀಲರ ದಂಡು. ಅದರಲ್ಲಿ ಅಬ್ರಹಾಂ ಲಿಂಕನ್ ಕೂಡ ಒಬ್ಬರು. ಇಕ್ಕಟ್ಟಾದ ವಸತಿಗೃಹಗಳಲ್ಲಿ ವಕೀಲರು ಒಂದೇ ಮಂಚದಲ್ಲಿ ಇಬ್ಬಿಬ್ಬರು ಮಲಗಬೇಕು. ಸುಮಾರು 300 ಪೌಂಡ್ ತೂಗುತ್ತಿದ್ದ ಡೇವಿಸ್‌ಗೆ ಮಾತ್ರ ಮಂಚವಿಡೀ ಬೇಕು!

1860ರಲ್ಲಿ ಲಿಂಕನ್‌ಗೆ ರಿಪಬ್ಲಿಕನ್ ಟಿಕೆಟ್ ಕೊಡಿಸಲು ಓಡಾಡಿದವರಲ್ಲಿ ಡೇವಿಸ್ ಮುಂದಾಳು. ಅಧ್ಯಕ್ಷರಾದ ಲಿಂಕನ್ 1862ರಲ್ಲಿ ಡೇವಿಸ್ ಅವರನ್ನು ಸುಪ್ರೀಂ ಕೋರ್ಟ್‌ಗೆ ನೇಮಿಸಿದರು. ಆದರೆ ಡೇವಿಸ್ ಸ್ನೇಹದ ಮುಲಾಜಿಗೆ ಬೀಳಲಿಲ್ಲ. ಲಿಂಕನ್ ಕಾಲದಲ್ಲಿ ಸೇನಾ ನ್ಯಾಯಮಂಡಳಿಗಳು ನಾಗರಿಕರನ್ನೂ ವಿಚಾರಣೆ ಮಾಡಿದ್ದವು. ಸಾಮಾನ್ಯ ನ್ಯಾಯಾಲಯಗಳು ಬಾಗಿಲು ತೆರೆದಿರುವಾಗ ಹಾಗೆ ಮಾಡುವಂತಿಲ್ಲ ಎಂದು ಮಿಲಿಗನ್ ಪ್ರಕರಣದ ತೀರ್ಪು ಬರೆದವರು ಇವರೇ.

1877ರಲ್ಲಿ ಅಧ್ಯಕ್ಷ ಚುನಾವಣೆಯ ವಿವಾದ ಬಗೆಹರಿಸಲು 15 ಜನರ ಆಯೋಗ ರಚನೆಯಾಯಿತು. ಪಕ್ಷಾತೀತರಾದ ಡೇವಿಸ್ ಅದರಲ್ಲಿರುತ್ತಾರೆ ಎಂಬುದು ಎಲ್ಲರ ನಿರೀಕ್ಷೆ. ಅಷ್ಟರಲ್ಲಿ ಇಲಿನಾಯ್ ಶಾಸನಸಭೆ ಅವರನ್ನು ಸೆನೆಟ್‌ಗೆ ಆರಿಸಿತು. ಪೀಠ ಬಿಟ್ಟು ಸೆನೆಟ್ ಸೇರಲು ಒಪ್ಪಿದ ಅವರು ಆಯೋಗದಿಂದ ಹೊರಗುಳಿದರು. ಬದಲಿಗೆ ಬಂದ ನ್ಯಾಯಮೂರ್ತಿ ಬ್ರಾಡ್ಲಿ ರಿಪಬ್ಲಿಕನ್ನರ ಕಡೆ ನಿಂತರು. 8–7 ಮತಗಳಿಂದ ರಿಪಬ್ಲಿಕನ್ ಅಭ್ಯರ್ಥಿ ಹೇಯ್ಸ್ ಅಧ್ಯಕ್ಷರಾದರು.