ಟ್ಯಾಲಿ ಆಗದ ಬಚ್ಚಲ ಒಲೆ

ಮಲೆನಾಡಿನ ನಮ್ಮ ಮನೆಯಲ್ಲಿ ಇಂದಿಗೂ ಸ್ನಾನಕ್ಕೆ ತಾಮ್ರದ ಹಂಡೆಯ ನೀರೇ. ಬೇಸಿಗೆಯಲ್ಲಿ ಒಣ ಸೌದೆ, ಅಡಿಕೆ ಸಿಪ್ಪೆ ತಾವಾಗಿಯೇ ಉರಿಯುತ್ತವೆ. ಮಳೆಗಾಲ ಬಂತೆಂದರೆ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಊದುಗೊಳವೆ ಹಿಡಿದು ಊದಿ ಊದಿ ಸಾಕಾಗಿ, ನಿವೃತ್ತಿಯಾದ ಮೇಲೆ ಒಂದು ಚಿಕ್ಕ ಬ್ಲೋವರ್ ತಂದು ಜೋಡಿಸಿದೆ. ಫ್ಯಾನಿನ ಗಾಳಿ ಕಬ್ಬಿಣದ ಕೊಳವೆಯಲ್ಲಿ ಸಾಗಿ ಕೆಂಡದ ಬುಡಕ್ಕೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಬ್ಲೋವರ್ ಅಟ್ಟಕ್ಕೆ. ಕೊಳವೆ ಮಾತ್ರ ಒಲೆಯಲ್ಲೇ.

ಹೋದ ಮಳೆಗಾಲದ ಆರಂಭದಲ್ಲಿ ಅದನ್ನು ಇಳಿಸಿ ಸ್ವಿಚ್ ಹಾಕಿದರೆ 'ಗುಂಯ್' ಎಂಬ ಸದ್ದು ಮಾತ್ರ. ಫ್ಯಾನ್ ತಿರುಗಲಿಲ್ಲ.

"ಅಜ್ಜ, ಹೊಸದು ತಗೊಳ್ಳೋಣ" ಎಂದ ಏಳನೇ ತರಗತಿಯ ಮೊಮ್ಮಗ.

"ತಡಿಯೋ, ಮೊದಲು ತಪ್ಪು ಎಲ್ಲಿದೆ ನೋಡೋಣ" ಎಂದೆ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ನಾವು ಹೊಸ ಪುಸ್ತಕ ತರುತ್ತಿರಲಿಲ್ಲ. ಮೊದಲ ಸಾಲಿನಿಂದ ಒಂದೊಂದಕ್ಕೂ ಟಿಕ್ ಹಾಕುತ್ತಾ ಬರುತ್ತಿದ್ದೆವು. ವ್ಯತ್ಯಾಸದ ಮೊತ್ತ 9ರಿಂದ ಶೇಷವಿಲ್ಲದೆ ಭಾಗವಾದರೆ, ಯಾರೋ 54ನ್ನು 45 ಎಂದು ಬರೆದಿರಬಹುದೆಂಬ ಅನುಮಾನ. ಮಕ್ಕಳೇ, ಬೇರೆ ಸಂಖ್ಯೆಗಳಲ್ಲೂ ಅಂಕಿ ಅದಲು ಬದಲು ಮಾಡಿ, ಕಳೆದು ನೋಡಿ!

ಅದೇ ಕ್ರಮದಲ್ಲಿ ಹೊರಟೆವು. ಸದ್ದು ಬರುತ್ತಿದೆ, ಅಂದರೆ ಕರೆಂಟ್ ಬಂದಿದೆ. ಪ್ಲಗ್, ಫ್ಯೂಸ್‌ಗೆ ಟಿಕ್. ಪ್ಲಗ್ ಕಿತ್ತಿಟ್ಟು, ಒಣ ಕಡ್ಡಿಯಿಂದ ರೆಕ್ಕೆ ತಳ್ಳಿದರೆ ಸಲೀಸಾಗಿ ತಿರುಗಿತು. ಬೇರಿಂಗ್ ಹಿಡಿದುಕೊಂಡಿಲ್ಲ, ಅದಕ್ಕೂ ಟಿಕ್. ಉಳಿದದ್ದು ಕೆಪಾಸಿಟರ್. ನಮ್ಮ ಮೋಟಾರಿಗೂ ಸೀಲಿಂಗ್ ಫ್ಯಾನಿಗೂ ಹೊರಡುವಾಗ ಒಂದು ನೂಕು ಬೇಕು. ಅದನ್ನು ಕೊಡುವುದು ಕೆಪಾಸಿಟರ್. ಅದು ಸೋತರೆ ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ಸುಟ್ಟೂ ಹೋದೀತು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಆದ್ದರಿಂದ ನಾವು ಮುಟ್ಟದೆ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಅವನು ಹೊಸದನ್ನು ಹಾಕಿದ. ಫ್ಯಾನ್ ಜೋರಾಗಿ ತಿರುಗಿತು. ನಾನು ಮೀಸೆ ತಿರುವಿದೆ.

ತಪ್ಪಾದದ್ದು ಅಲ್ಲೇ.

ಮರುದಿನ ಬೆಳಿಗ್ಗೆ ನನ್ನಾಕೆ ಸ್ನಾನಕ್ಕೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಹಿಡಿದುಕೊಂಡು ಹೊರಬಂದು, "ತಲೆ ತಿರುಗ್ತಿದೆ ಕಣ್ರೀ" ಎಂದು ಕುಸಿದು ಕುಳಿತಳು. ಬಚ್ಚಲ ತುಂಬ ಹೊಗೆ. ಕೂಡಲೇ ಅವಳನ್ನು ಜಗಲಿಯ ಗಾಳಿಗೆ ಕರೆತಂದು, ಅಲ್ಲಿಂದ ಡಾಕ್ಟರ ಬಳಿಗೆ ಕರೆದೊಯ್ದೆವು. ದೇವರು ದೊಡ್ಡವನು, ಸಂಜೆ ಹೊತ್ತಿಗೆ ಚೇತರಿಸಿಕೊಂಡಳು.

ಗಾಳಿ ಸಾಲದೆ ಉರಿಯುವ ಕಟ್ಟಿಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಹೆಚ್ಚಾಗಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕುಳಿತುಬಿಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಸೂಚನೆ. ಹಿಂದೆ ಬಚ್ಚಲಿಗೆ ಹೆಂಚಿನ ಮಾಡಿತ್ತು, ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಈಗ ತಾರಸಿ ಹಾಕಿಸಿ, ಚಳಿಗೆಂದು ಕಿಟಕಿಯನ್ನೂ ಮುಚ್ಚಿದ್ದೆವು. ಪೇಟೆಯ ಮುಚ್ಚಿದ ಬಚ್ಚಲಲ್ಲಿ ಉರಿಯುವ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯ.

ಫ್ಯಾನ್ ತಿರುಗುತ್ತಿದ್ದರೂ ಹೊಗೆ ಏಕೆ? ಒಲೆ ಪೂರ್ತಿ ಆರಿದ ಮೇಲೆ ಮೊಮ್ಮಗ ಒಂದು ಕಾಗದದ ಚೂರು ತಂದ. ಕೊಳವೆ ಬಿಚ್ಚಿ ಬ್ಲೋವರಿನ ಬಾಯಿಗೆ ಹಿಡಿದರೆ ಚೂರು ಪಟಪಟನೆ ಹಾರಾಡಿತು. ಕೊಳವೆ ಜೋಡಿಸಿ, ಒಲೆಯ ಕಡೆಯ ತುದಿಯಲ್ಲಿ ಹಿಡಿದರೆ ಅಲುಗಲೇ ಇಲ್ಲ.

"ಅಜ್ಜ, ತಪ್ಪು ಈ ಎರಡರ ಮಧ್ಯೆ ಇದೆ!"

ಕೊಳವೆಯೊಳಗೆ ಉದ್ದನೆಯ ಸರಳು ತೂರಿಸಿದೆ. ಉಂಡೆ ಉಂಡೆಯಾಗಿ ಮಣ್ಣು ಉದುರಿತು. ಬೇಸಿಗೆಯಿಡೀ ತೆರೆದೇ ಇದ್ದ ಬಾಯಿಯೊಳಗೆ ಕುಂಬಾರ ಹುಳು ಮನೆ ಕಟ್ಟಿತ್ತು. ಅದರ ಹಿಂದೆ ಬೂದಿ ಗಟ್ಟಿಯಾಗಿ ಕೂತಿತ್ತು.

ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು: ಒಂದು ತಪ್ಪು ಸಿಕ್ಕಿತೆಂದು ಪುಸ್ತಕ ಮುಚ್ಚಬೇಡ, ಮೊತ್ತ ಕೂಡಿದ ಮೇಲೆ ಮುಚ್ಚು. ಲೆಕ್ಕದಲ್ಲಿ ಪಾಲಿಸಿದ್ದನ್ನು ಮನೆಯಲ್ಲಿ ಮರೆತಿದ್ದೆ. ನಮಗೆ ಬೇಕಿದ್ದದ್ದು ತಿರುಗುವ ಫ್ಯಾನ್ ಅಲ್ಲ, ಹೊಗೆಯಿಲ್ಲದ ಉರಿ. ಅದನ್ನೇ ನಾನು ನೋಡಿರಲಿಲ್ಲ.

ಈಗ ನಮ್ಮ ಬಚ್ಚಲ ಕಿಟಕಿ ಮಳೆಯಲ್ಲೂ ತೆರೆದಿರುತ್ತದೆ. ನೀರು ಕಾದು, ಬೆಂಕಿ ತೆಗೆದ ಮೇಲೆಯೇ ಸ್ನಾನ. ಬ್ಲೋವರ್ ಅಟ್ಟ ಸೇರಿದೊಡನೆ ಕೊಳವೆಯ ಬಾಯಿಗೆ ಹಳೆ ಬಟ್ಟೆಯ ಬಿರಡೆ. ಅದಕ್ಕೆ ಮೊಮ್ಮಗ ದಾರದಲ್ಲಿ ಒಂದು ಚೀಟಿ ಕಟ್ಟಿದ್ದಾನೆ: "ಅಜ್ಜಾ, ಇದನ್ನು ತೆಗೆದು ಒಲೆ ಹಚ್ಚು!"