ದೂರ ಆಮೇಲೆ, ಹತ್ತಿರ ಮೊದಲು

ಗಾಲ್ಫ್ ಕಲಿಯಲು ಶುರು ಮಾಡಿದಾಗ ನನಗಿದ್ದದ್ದು ಒಂದೇ ಹುಚ್ಚು: ಚೆಂಡನ್ನು ದೂರ ಹೊಡೆಯಬೇಕು. ಪಾಕೆಟ್ ಮನಿಯೆಲ್ಲ ಡ್ರೈವಿಂಗ್ ರೇಂಜ್‌ಗೇ ಹೋಗುತ್ತಿತ್ತು. ಆದರೆ ಕೋರ್ಸ್‌ಗಿಳಿದ ದಿನ ಸ್ಕೋರ್ 120 ದಾಟಿತು! ಎರಡೇ ಹೊಡೆತಕ್ಕೆ ಗ್ರೀನ್ ಹತ್ತಿರ ಬಂದವನು, ಅಲ್ಲಿಂದ ಹೋಲ್‌ಗೆ ಹಾಕಲು ಐದು ಹೊಡೆತ ತಿನ್ನುತ್ತಿದ್ದೆ. ಆಟ ಬಿಟ್ಟೇಬಿಡೋಣ ಅನಿಸಿತ್ತು.

ಕ್ಯಾಡಿ ಅಣ್ಣ ನಗುತ್ತಾ, ‘ದೂರ ಹೊಡೆಯೋದು ಆಮೇಲೆ ಸಾರ್, ಮೊದ್ಲು ಹತ್ರ ಹೊಡೆಯೋದು ಕಲೀರಿ’ ಎಂದರು.

ಲೆಕ್ಕ ಹಾಕಿದೆ. ಪಾರ್ 72ರ ಕೋರ್ಸ್‌ನಲ್ಲಿ 18 ಗ್ರೀನ್‌ಗೆ ಎರಡೆರಡು ಪಟ್‌ನಂತೆ 36. ಅಂದರೆ ಅರ್ಧ ಆಟ ಪಟ್ಟಿಂಗೇ! ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೇರಿದ್ದೂ ದೂರದ ಹೊಡೆತದಿಂದಲ್ಲ, ಪಟ್ಟಿಂಗ್ ಬಲದಿಂದ.

ಈಗ ಹಾಸ್ಟೆಲ್ ಹಿಂದಿನ ಹುಲ್ಲಿನಲ್ಲಿ ದಿನಾ ಅರ್ಧ ಗಂಟೆ ಚಿಪ್ಪಿಂಗ್. ಹತ್ತು ಹೆಜ್ಜೆ ಆಚೆ ಸ್ನಾನದ ಬಕೆಟ್ಟೇ ಗುರಿ. ಭಾರ ಮುಂದಿನ ಕಾಲಿನ ಮೇಲೆ, ಕೈ ಚೆಂಡಿಗಿಂತ ತುಸು ಮುಂದೆ, ಮಣಿಕಟ್ಟು ಕುಣಿಸುವಂತಿಲ್ಲ. ಚೆಂಡನ್ನು ನಾವು ಎತ್ತಲು ಹೋಗಬಾರದು, ವೆಡ್ಜ್‌ನ ಓರೆಯೇ ಎತ್ತುತ್ತದೆ.

ಅದೇ ನಿಧಾನ ದೊಡ್ಡ ಸ್ವಿಂಗಿಗೂ ಬಂತು. ಡ್ರೈವ್ ಮೊದಲಿನಷ್ಟು ದೂರ ಹೋಗುವುದಿಲ್ಲ, ನೇರ ಹೋಗುತ್ತದೆ. ಮೊನ್ನೆಯ ಸ್ಕೋರ್ 104!