ಬೆನ್ನು ಹತ್ತಿದ ಹೆಜ್ಜೆ: ಪೀಡೆ, ಭ್ರಮೆ ಮತ್ತು ಕಣ್ಗಾವಲಿನ ಜನಪದ ನೆಲೆಗಳು

ಗುಬ್ಬಿ ತಾಲ್ಲೂಕಿನ ಕಡಬವು ಶಿಂಷಾ ನದಿಯ ದಂಡೆಯ ಹಳೆಯ ಊರು. ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನು ಇಲ್ಲಿನ ಕೆರೆಯನ್ನು ಕಟ್ಟಿಸಿದನೆಂಬ ಸ್ಥಳಪುರಾಣ ಜನರ ಬಾಯಲ್ಲಿದೆ. ಇತಿಹಾಸದ ವಿದ್ಯಾರ್ಥಿಗಳಿಗಾದರೋ ಈ ಊರು ಪರಿಚಿತವಾಗಿರುವುದು ತಾಮ್ರಶಾಸನವೊಂದರಿಂದ. ರಾಷ್ಟ್ರಕೂಟರ ಮೂರನೆಯ ಗೋವಿಂದನ ಹೆಸರಿನ, ಶಕವರ್ಷ 735ರ (ಕ್ರಿ.ಶ. 812-13) ಈ ಶಾಸನವು ಗಂಗಮಂಡಲದ ಅಧಿಪತಿ ಚಾಕಿರಾಜನ ಕೋರಿಕೆಯಂತೆ ಅರ್ಕಕೀರ್ತಿಯೆಂಬ ಜೈನ ಮುನಿಗೆ ಜಾಲಮಂಗಲ ಗ್ರಾಮವನ್ನು ದತ್ತಿಯಾಗಿ ಬಿಟ್ಟುದನ್ನು ತಿಳಿಸುತ್ತದೆ. ದತ್ತಿಗೆ ಕಾರಣವಾದ ಸಂಗತಿ ಸ್ವಾರಸ್ಯಕರವಾದುದು. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನನ್ನು ಹಿಡಿದಿದ್ದ ಶನಿಪೀಡೆಯನ್ನು ಆ ಮುನಿಯು ನಿವಾರಿಸಿದ್ದನು. ಕಾಣದ ಶಕ್ತಿಯೊಂದು ಒಬ್ಬನ ಬೆನ್ನು ಹತ್ತಿತೆಂಬ ನಂಬಿಕೆಗೂ ಅದರಿಂದ ಬಿಡಿಸಿದವನಿಗೆ ಸಂದ ಮನ್ನಣೆಗೂ ಈ ಸೀಮೆಯಲ್ಲಿ ಹನ್ನೆರಡು ಶತಮಾನಗಳಷ್ಟು ಹಳೆಯ ಲಿಖಿತ ಸಾಕ್ಷ್ಯವಿದೆ.

ಶನಿಯ ಕಲ್ಪನೆ ಇಂದಿಗೂ ಜೀವಂತವಾಗಿದೆ. ಹಳೆಯ ಮೈಸೂರು ಪ್ರದೇಶದ ಹಳ್ಳಿಗಳಲ್ಲಿ ಹರಕೆ ಹೊತ್ತ ಮನೆಯವರು ರಾತ್ರಿಯಿಡೀ ಶನಿಮಹಾತ್ಮೆಯನ್ನು ಓದಿಸುವರು. ರಾಜ್ಯ ಕಳೆದುಕೊಂಡು, ಕೈಕಾಲು ಕಡಿಸಿಕೊಂಡು, ಗಾಣದ ಮೇಲೆ ಕುಳಿತ ವಿಕ್ರಮರಾಜನ ಕಥೆಯನ್ನು ಊರವರು ಕಣ್ಣೀರಿಟ್ಟು ಕೇಳುವರು. ಇಲ್ಲಿ ಬೆನ್ನು ಹತ್ತುವವನು ನಿರ್ದಯಿಯಾದರೂ ಅವನಿಗೊಂದು ಅವಧಿಯಿದೆ. ಏಳೂವರೆ ವರ್ಷ ಕಳೆದರೆ ಅವನು ಬಿಟ್ಟುಹೋಗುತ್ತಾನೆ. ಹೋಗುವಾಗ ಕಸಿದುದನ್ನು ಕೊಟ್ಟು ಹೋಗುವುದೂ ಉಂಟು.

ಕನ್ನಡ ಆಡುನುಡಿಯಲ್ಲಿ ‘ಬೆನ್ನು ಹತ್ತು’ ಎಂಬ ಒಂದೇ ಮಾತು ಗ್ರಹಕ್ಕೂ ಗಾಳಿಗೂ ಸಾಲಗಾರನಿಗೂ ಪೊಲೀಸರಿಗೂ ಸಲ್ಲುತ್ತದೆ. ಕೆಣಕಿದ ಹಾವು ಹನ್ನೆರಡು ವರ್ಷ ಹಗೆ ಸಾಧಿಸುವುದೆಂಬ ನಂಬಿಕೆ, ಮೂರುಸಂಜೆಯಲ್ಲಿ ಗಾಳಿ ಸೋಕುವುದೆಂಬ ಎಚ್ಚರಿಕೆ, ಹಸುಗೂಸಿಗೆ ಇಡುವ ದೃಷ್ಟಿಬೊಟ್ಟು, ಹೊಸಮನೆಯ ಮುಂದೆ ಕಟ್ಟುವ ಬೂದುಗುಂಬಳ, ಇವೆಲ್ಲವೂ ಯಾರೋ ನೋಡುತ್ತಿದ್ದಾರೆ ಎಂಬ ಅರಿವಿನ ಸುತ್ತ ಬೆಳೆದವು. ಬುಡುಬುಡುಕೆಯವನ ಪ್ರಸಂಗವನ್ನು ವಿಶೇಷವಾಗಿ ಗಮನಿಸಬೇಕು. ನಸುಕಿನಲ್ಲಿ ಬೀದಿಗೆ ಬಂದು ಹಾಲಕ್ಕಿ ನುಡಿಯಿತೆಂದು ಮನೆಯೊಳಗಿನ ಚಿಂತೆಯನ್ನು ಆತ ಹೊರಗೆ ಹೇಳಿದಾಗ, ನಮ್ಮ ಗುಟ್ಟು ಇವನಿಗೆ ಹೇಗೆ ತಿಳಿಯಿತೆಂದು ಮನೆಯವರು ಬೆರಗಾಗುವರು. ಹಕ್ಕಿಯ ಮಾತಿನ ಹಿಂದೆ ಸೂಕ್ಷ್ಮ ಅವಲೋಕನ ಇರುವುದನ್ನು ಕೇಳುಗರು ಅರಿಯದವರೇನೂ ಅಲ್ಲ. ಅರಿತೂ ಒಪ್ಪಿಕೊಳ್ಳುವ ಸಲಿಗೆ ಅಲ್ಲಿದೆ. ವಂಶಾವಳಿ ಹೇಳುವ ಹೆಳವರಿಗೆ ಮನೆತನದ ಮೂರು ತಲೆಯ ವಿವರ ತಿಳಿದಿರುವುದನ್ನೂ ಯಾರೂ ಬೇಹುಗಾರಿಕೆ ಎನ್ನಲಿಲ್ಲ.

ಇಂತಹ ನಂಬಿಕೆಗಳನ್ನು ಮನೋರೋಗವೆಂದು ತಳ್ಳಿಬಿಡುವುದು ಆತುರದ ತೀರ್ಮಾನವಾದೀತು. ಮನೋವೈದ್ಯಶಾಸ್ತ್ರವೇ ಹಾಗೆ ಮಾಡುವುದಿಲ್ಲ. ವ್ಯಕ್ತಿಯ ಸಮುದಾಯವು ಸಹಜವಾಗಿ ಒಪ್ಪಿರುವ ನಂಬಿಕೆಯನ್ನು ಅದು ಭ್ರಮೆಯ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಸ್ಕಿಜೊಫ್ರೇನಿಯಾದಂತಹ ಕಾಯಿಲೆಗಳಲ್ಲಿ ಕಾಣುವ ಪೀಡನೆಯ ಭ್ರಮೆ ಬೇರೆ ಬಗೆಯದು. ಅಲ್ಲಿ ಬೆನ್ನು ಹತ್ತಿದವನಿಗೆ ಅವಧಿಯಿಲ್ಲ, ಪರಿಹಾರವಿಲ್ಲ. ಸಮಾಧಾನ ಹೇಳಬಂದ ಅಣ್ಣನೂ ಔಷಧ ಕೊಡುವ ವೈದ್ಯನೂ ಕಾಲಕ್ರಮದಲ್ಲಿ ವೈರಿಗಳ ಸಾಲಿಗೆ ಸೇರುತ್ತಾರೆ. ಶನಿ ಹಿಡಿದವನ ಸುತ್ತ ಊರು ನೆರೆಯುತ್ತದೆ. ಭ್ರಮೆ ಹಿಡಿದವನ ಸುತ್ತಲಿನ ಊರು ದಿನೇದಿನೇ ಕರಗುತ್ತದೆ. ಭ್ರಮೆಯ ವಸ್ತುವಾದರೋ ಕಾಲಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ. ವೈರಿಗಳು ನಡೆಸುವ ನಿಗೂಢ ಯಂತ್ರವೊಂದು ತಮ್ಮನ್ನು ಆಳುತ್ತಿದೆಯೆಂದು ಹೇಳುತ್ತಿದ್ದ ರೋಗಿಗಳ ಬಗ್ಗೆ ವಿಯೆನ್ನಾದ ವಿಕ್ಟರ್ ಟೌಸ್ಕ್ 1919ರಲ್ಲೇ ಬರೆದಿದ್ದನು. ಮಾಟದ ಜಾಗಕ್ಕೆ ರೇಡಿಯೋ, ರೇಡಿಯೋದ ಜಾಗಕ್ಕೆ ಕ್ಯಾಮರಾ, ಮೊಬೈಲ್ ಬಂದಿವೆ. ಒಂದು ನಂಬಿಕೆ ನಿಜವಾದ ಮಾತ್ರಕ್ಕೆ ಅದನ್ನು ಹಿಡಿದುಕೊಂಡ ರೀತಿ ಆರೋಗ್ಯಕರವಾಗಬೇಕೆಂದಿಲ್ಲ ಎಂಬುದನ್ನೂ ಮನೋವೈದ್ಯರು ಒಪ್ಪುತ್ತಾರೆ. ಕಾಯಿಲೆಯವನ ಹಿಂದೆ ನಿಜವಾಗಿಯೂ ಯಾರೋ ಬರುತ್ತಿರಬಹುದು.

ಹಾಗೆಂದು ಹತ್ತು ಜನ ಒಪ್ಪಿದುದೆಲ್ಲ ನಿರಪಾಯವೆನ್ನುವಂತಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲ್ ಮೂಲಕ ನಾಡಿನಾದ್ಯಂತ ಹರಿದಾಡಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಕೂಲಿಕಾರನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯ ಬಳಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅದೇ ರೀತಿ ಹತರಾದರು. ಅವರ ತಂಡದವರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಷ್ಟೇ. ಯಾರನ್ನು ಬೆನ್ನು ಹತ್ತಿದವರೆಂದು ಜನ ತಿಳಿದರೋ ಅವರೇ ಬೆನ್ನಟ್ಟಿಸಿಕೊಂಡು ಸತ್ತರು.

ಈ ತಿರುವುಮುರುವು ಹೊಸದಲ್ಲ. ಅಲೆಮಾರಿಗಳು ಊರ ಹೊರಗೆ ಗುಡಾರ ಹಾಕಿದೊಡನೆ ಮನೆಗಳನ್ನು ನೋಡಿಕೊಂಡು ಹೋಗಲು ಬಂದಿದ್ದಾರೆಂದು ಅನುಮಾನಿಸುವುದು ನೆಲೆನಿಂತ ಸಮಾಜದ ಹಳೆಯ ರೂಢಿ. ದಾಖಲೆಗಳು ಹೇಳುವ ಕಥೆಯೇ ಬೇರೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಮೊದಲು ಉತ್ತರ ಭಾರತಕ್ಕೆ ಅನ್ವಯವಾಗಿ, 1911 ಮತ್ತು 1924ರ ಕಾಯಿದೆಗಳ ಮೂಲಕ ದಕ್ಷಿಣದ ಪ್ರಾಂತಗಳಿಗೂ ಹಬ್ಬಿತು. ಇಡೀ ಸಮುದಾಯಗಳು ಹುಟ್ಟಿನಿಂದಲೇ ಶಂಕಿತವಾದವು. ಹೆಸರು ನೋಂದಣಿ, ಬೆರಳಚ್ಚು, ಗೊತ್ತಾದ ಹೊತ್ತಿಗೆ ಹಾಜರಿ, ಊರು ಬಿಡಲು ಅಪ್ಪಣೆ, ಇವು ಕೊರಚ, ಕೊರಮರಂತಹವರ ನಿತ್ಯಜೀವನವಾಯಿತು. ಮುಂಬಯಿ ಪ್ರಾಂತದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ತಂತಿಬೇಲಿಯ ವಸತಿಗಳು ತಲೆಯೆತ್ತಿದವು; ಹುಬ್ಬಳ್ಳಿಯ ಆ ಭಾಗಕ್ಕೆ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಉಳಿದುಕೊಂಡಿದೆ. ಕಾಯಿದೆ 1952ರಲ್ಲಿ ರದ್ದಾದರೂ ರೂಢಿಗತ ಅಪರಾಧಿಗಳೆಂಬ ಹೆಸರಿನ ಕಾನೂನುಗಳು ಅದರ ಜಾಗಕ್ಕೆ ಬಂದವು; ನಮ್ಮ ರಾಜ್ಯದ ಕಾನೂನು 1961ರದು. ಸರ್ಕಾರ ನಮ್ಮನ್ನು ನೋಡುತ್ತಲೇ ಇದೆಯೆಂದು ಈ ಸಮುದಾಯದ ಹಿರಿಯನೊಬ್ಬ ಹೇಳಿದರೆ ಅದಕ್ಕೆ ರಿಜಿಸ್ಟರಿನ ಆಧಾರವಿದೆ. ಅದೇ ಮಾತನ್ನು ಅವನನ್ನು ಕುರಿತು ಊರು ಹೇಳಿದಾಗ ಬಹುಪಾಲು ವದಂತಿಯ ಆಧಾರ ಮಾತ್ರ ಇರುತ್ತದೆ.

ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಪೊಲೀಸರು ನಡುರಾತ್ರಿ ಬಂದು ಕದ ತಟ್ಟುತ್ತಾರೆಂದು ದೂರಿದ ಉತ್ತರ ಪ್ರದೇಶದ ಖರಕ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1962ರ ಡಿಸೆಂಬರ್ 18ರಂದು ರಾತ್ರಿಯ ಮನೆಭೇಟಿಯನ್ನು ಅಸಿಂಧುಗೊಳಿಸಿತಾದರೂ ಓಡಾಟದ ಮೇಲೆ ಕಣ್ಣಿಡುವುದನ್ನು ತಡೆಯಲಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಿಜಕ್ಕೂ ಹಿಂದೆ ಬರುತ್ತಿರುವುದು ಯಾವುದು, ಬರುತ್ತಿದೆಯೆಂದು ಅನ್ನಿಸುವುದು ಯಾವುದು ಎಂದು ಬಿಡಿಸಲು ಜನಪದರಲ್ಲಿ ಒಂದು ಅಳತೆಗೋಲಿದೆ. ಅದು ಹೆಜ್ಜೆ. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಅಥವಾ ನೆಲಕ್ಕೆ ತಾಗುವುದಿಲ್ಲ. ಮನುಷ್ಯನೋ ಮೃಗವೋ ಆದರೆ ಮಣ್ಣಿನಲ್ಲಿ ಗುರುತು ಬಿದ್ದಿರಬೇಕು. ಬೆಳಗಾದ ಮೇಲೆ ಹೋಗಿ ನೆಲ ನೋಡುವ ಪದ್ಧತಿ ಸಣ್ಣ ವಿವೇಕವಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ಕುಣಿಗಲ್, ಗುಬ್ಬಿ, ತುಮಕೂರು ಸೀಮೆಯಲ್ಲಿ ಚಿರತೆ ಮನುಷ್ಯರ ಮೇಲೆರಗಿದಾಗ ಅದು ಮತ್ತೆ ಬಳಕೆಗೆ ಬಂತು. 2020ರ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಮಣಿಕುಪ್ಪೆಯ ಐದು ವರ್ಷದ ಬಾಲಕ ಅದಕ್ಕೆ ಬಲಿಯಾದನು. ಹೊಲದ ದಾರಿಯಲ್ಲಿ ಹಿಂದೆ ಏನೋ ಬರುತ್ತಿದೆ ಎಂಬ ಮಾತು ಅಂದು ಭ್ರಮೆಯಾಗಿರಲಿಲ್ಲ. ಅರಣ್ಯ ಇಲಾಖೆ ಬೋನುಗಳನ್ನೂ ಕ್ಯಾಮರಾಗಳನ್ನೂ ಇಟ್ಟು ಹುಡುಕಿದ್ದು ಅದೇ ಹೆಜ್ಜೆಯನ್ನು.

ಇಂದಿನ ಕಣ್ಗಾವಲಿನ ತೊಡಕೆಂದರೆ ಅದು ಹೆಜ್ಜೆ ಮೂಡಿಸದಿರುವುದು. 2021ರ ಜುಲೈನಲ್ಲಿ ಪೆಗಾಸಸ್ ಬೇಹು ತಂತ್ರಾಂಶದ ಕುರಿತು ಹೊರಬಂದ ವರದಿಗಳ ಪಟ್ಟಿಯಲ್ಲಿ, 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ, ತುಮಕೂರು ಜಿಲ್ಲೆಯ ಕೊರಟಗೆರೆಯ ಶಾಸಕ ಜಿ. ಪರಮೇಶ್ವರ ಅವರ ದೂರವಾಣಿ ಸಂಖ್ಯೆಯೂ ಇತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಬೇಹು ನಡೆಯಿತೆಂದು ಸಿದ್ಧವಾಗುವುದಿಲ್ಲ. ಕಾನೂನುಬಾಹಿರ ಕಣ್ಗಾವಲನ್ನು ಕೇಂದ್ರ ಸರ್ಕಾರ ಅಲ್ಲಗಳೆಯಿತು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯು ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಕುತಂತ್ರಾಂಶ ಕಂಡಿತಾದರೂ ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲವೆಂದು 2022ರ ಆಗಸ್ಟ್‌ನಲ್ಲಿ ತಿಳಿದುಬಂತು. ಅಧಿಕಾರಸ್ಥರ ಪಾಡೇ ಹೀಗಿರುವಾಗ, ತನ್ನ ಫೋನನ್ನು ಯಾರೋ ನೋಡುತ್ತಿದ್ದಾರೆಂದು ಹಳ್ಳಿಯ ಹೆಣ್ಣುಮಗಳೊಬ್ಬಳು ಹೇಳಿದರೆ ಅವಳನ್ನು ದೇವರ ಗುಡಿಗೋ ಆಸ್ಪತ್ರೆಗೋ ಕರೆದೊಯ್ಯುವ ಮಾತೇ ಮೊದಲು ಬರುವುದು. ಹೆಣ್ಣನ್ನು ಗಂಡಸು ಬೆನ್ನಟ್ಟಿ ಕಾಡುವುದು 2013ರ ತಿದ್ದುಪಡಿಯಿಂದ ಪ್ರತ್ಯೇಕ ಅಪರಾಧವಾಗಿದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಂ. ಅಂತರ್ಜಾಲದಲ್ಲಿ ಅವಳ ಚಟುವಟಿಕೆಯನ್ನು ಗಮನಿಸುವುದೂ ಅದರಲ್ಲಿ ಸೇರಿದೆ.

ಜಾನಪದ ಸಂಗ್ರಹಕಾರರ ಹೊಣೆಯ ಪ್ರಶ್ನೆ ಇಲ್ಲಿ ಏಳುತ್ತದೆ. ಕೆರೆಯ ಏರಿಯ ಮೇಲೆ ಮಬ್ಬಿನಲ್ಲಿ ಹಿಂದೆ ಸಪ್ಪಳ ಕೇಳಿಸಿತೆಂಬ ಕಥನ ದೊರೆತೊಡನೆ ಅದನ್ನು ಸ್ಟಿತ್ ಥಾಮ್ಸನ್ನನ ಆಶಯ ಸೂಚಿಯ ಪ್ರೇತ ವಿಭಾಗಕ್ಕೆ ಸೇರಿಸಿ ಸಂಖ್ಯೆ ಕೊಡುವುದು ಸುಲಭ. ವರ್ಗೀಕರಣದ ಈ ಸೌಲಭ್ಯವು ಹೇಳಿದವಳ ಬದುಕನ್ನು ಮರೆಮಾಡುವ ಸಾಧ್ಯತೆಯಿದೆ. ಸಪ್ಪಳವನ್ನು ಬೇರೆ ಯಾರು ಕೇಳಿದ್ದರು, ಅದು ಯಾವ ದಿನಗಳಲ್ಲಿ ಕೇಳಿಸುತ್ತಿತ್ತು, ಯಾರು ಊರು ಬಿಟ್ಟ ಮೇಲೆ ನಿಂತಿತು, ಮರುದಿನ ಯಾರಾದರೂ ಹೋಗಿ ನೆಲ ನೋಡಿದರೇ ಎಂಬ ಪ್ರಶ್ನೆಗಳು ಕಥೆಯೊಡನೆ ದಾಖಲಾಗಬೇಕು. ನಿರೂಪಕಿಯು ಕೆರೆಯ ದಾರಿ ಬಿಟ್ಟು ಸುತ್ತುದಾರಿ ಹಿಡಿದದ್ದು ಯಾವ ವರ್ಷವೆಂಬುದಕ್ಕೂ ಸಂಗ್ರಹದ ಹಾಳೆಯಲ್ಲಿ ಒಂದು ಕಲಂ ಇರಬೇಕು.